ಹಳೆಯ ರೀಲೂ ಜೀರ್ಣೋದ್ಧಾರದ ಧರ್ಮವೂ

ಹೊಸದನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯವೆಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಕೆರೆಗೆ, ಬಾವಿಗೆ, ಗುಡಿಗೆ ಈ ಮಾತು ಸಲ್ಲುವುದೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ದೇವಾಲಯದ ಜೀರ್ಣೋದ್ಧಾರ ಮಾಡಬೇಕಾದಾಗ ಆಗಮಜ್ಞರು ಮೂರ್ತಿಯ ಸಾನ್ನಿಧ್ಯವನ್ನು ಮೊದಲು ಕಲಶಕ್ಕೆ ತಂದು ಬಾಲಾಲಯದಲ್ಲಿಟ್ಟು, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠಿಸುತ್ತಾರೆ; ಭಿನ್ನವಾಗಿ ಪೂಜೆಗೆ ಬಾರದಂತಾದ ಬಿಂಬವನ್ನು ಗುಂಡಿಗೆ ಎಸೆಯದೆ ವಿಧಿಪೂರ್ವಕವಾಗಿ ನೀರಿನಲ್ಲಿ ವಿಸರ್ಜಿಸುತ್ತಾರೆ. ಕಲ್ಲು ಬದಲಾದರೂ ದೇವರು ಬದಲಾಗಲಿಲ್ಲವೆಂಬ ನಂಬುಗೆಗೆ ಈ ವಿಧಿಯೇ ಆಧಾರವಾಗಿದೆ. ಆದರೆ ದೇವರಿಲ್ಲದ ವಸ್ತುವಿನ ಗತಿಯೇನು? ಮನುಷ್ಯನು ತನ್ನ ವಿನೋದಕ್ಕಾಗಿ ಮಾಡಿಕೊಂಡ ಒಂದು ಸಣ್ಣ ಯಂತ್ರ, ಅದೂ ಮೀನು ಹಿಡಿಯುವ ಯಂತ್ರ, ಹಳತಾಗಿ ಕೆಟ್ಟು ಕುಳಿತಾಗ ಅದನ್ನು ಬಿಚ್ಚಿ, ತೊಳೆದು, ಮುರಿದುದನ್ನು ಬದಲಿಸಿ, ಮತ್ತೆ ತಿರುಗುವಂತೆ ಮಾಡುವವನು ಉಳಿಸುತ್ತಿರುವುದಾದರೂ ಏನನ್ನು? ಅವನಿಗೂ ಒಂದು ವಿಧಿನಿಷೇಧವುಂಟೆ?

ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಹುಟ್ಟಿಸಿದ್ದಲ್ಲ. ಇಂಗ್ಲೆಂಡು, ಫ್ರಾನ್ಸು, ಅಮೆರಿಕ ಮುಂತಾದ ದೇಶಗಳಲ್ಲಿ ಹಳೆಯ ಸ್ಪಿನ್ನಿಂಗ್ ರೀಲುಗಳನ್ನು ದುರಸ್ತು ಮಾಡುವುದನ್ನೇ ಕೆಲವರು ಹವ್ಯಾಸವನ್ನಾಗಿಯೂ ಕೆಲವರು ಕಸುಬನ್ನಾಗಿಯೂ ಇಟ್ಟುಕೊಂಡಿದ್ದಾರೆ. ಅವರ ಮೇಜಿನ ಮೇಲೆ ಬಂದು ಕೂರುವ ರೀಲು ಬಹುಮಟ್ಟಿಗೆ ಯಾರೋ ಸತ್ತವರದಾಗಿರುತ್ತದೆ. ಹೊಸ ರೀಲು ಕೊಳ್ಳುವ ಹಣಕ್ಕಿಂತ ಹಳೆಯದನ್ನು ಸರಿಪಡಿಸುವ ಶ್ರಮವೇ ದೊಡ್ಡದೆಂದು ತಿಳಿದೂ ಜನರು ಅದನ್ನು ತರುತ್ತಾರೆ.

ರೀಲೆಂದರೆ ಗಾಳದ ಕೋಲಿಗೆ ಕಟ್ಟಿ ದಾರ ಸುತ್ತುವ ಸಾಧನ. ಮೊದಲಿನ ರೀಲುಗಳಲ್ಲಿ ದಾರದ ಉರುಳೆಯೇ ತಿರುಗಬೇಕಾಗಿತ್ತು. ಗಾಳವನ್ನು ಬೀಸಿ ಎಸೆದರೆ ದಾರವು ಉರುಳೆಯನ್ನು ತಿರುಗಿಸುತ್ತ ಹೊರಗೆ ಹೋಗಬೇಕು. ಗಾಳ ಹಗುರವಾದರೆ ಉರುಳೆ ತಿರುಗಲೊಲ್ಲದು, ಭಾರವಾದರೆ ಗಾಳವು ನೀರಿಗೆ ಬಿದ್ದ ಮೇಲೂ ತಿರುಗುತ್ತಲೇ ಇದ್ದು ದಾರವೆಲ್ಲ ಗೋಜಲಾಗುವುದು. ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಪೀಟರ್ ಮಾಲಕ್ ಎಂಬವನು 1884ರಲ್ಲಿ, ಎಸೆಯುವಾಗ ಉರುಳೆಯನ್ನು ಪಕ್ಕಕ್ಕೆ ಹೊರಳಿಸಿ ದಾರವು ಅದರ ಅಂಚಿನಿಂದ ಜಾರಿಹೋಗುವಂತೆ ಮಾಡಿದನು. 1905ರಲ್ಲಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್ವರ್ತ್ ಎಂಬ ಇಂಗ್ಲಿಷಿನವನು ಪಡೆದ ಪೇಟೆಂಟಿನಲ್ಲಿ ಉರುಳೆ ತಿರುಗುವುದೇ ನಿಂತಿತು. ಅವನು ಬ್ರಾಡ್‌ಫರ್ಡಿನವನು, ಬ್ರಾಡ್‌ಫರ್ಡು ಉಣ್ಣೆಯ ಗಿರಣಿಗಳ ಊರು. ಮಗ್ಗದ ಲಾಳಿಯೊಳಗೆ ಕಂಡಿಕೆಯು ತಾನು ಅಲುಗದೆ ತನ್ನ ತುದಿಯಿಂದ ನೂಲನ್ನು ಬಿಟ್ಟುಕೊಡುವುದನ್ನು ನೇಕಾರರ ಕೇರಿಯಲ್ಲಿ ನೋಡಿದವರಿಗೆ ಈ ರೀಲಿನ ಗುಟ್ಟು ಹೇಳದೆಯೇ ತಿಳಿದೀತು. ಉರುಳೆ ಸ್ಥಿರ, ಎಸೆದಾಗ ದಾರವು ಅದರ ಮುಂದುಗಡೆಯ ಅಂಚನ್ನು ಹಾಯ್ದು ಸುರುಳಿಸುರುಳಿಯಾಗಿ ಹೋಗುತ್ತದೆ. ಮರಳಿ ಸೆಳೆದುಕೊಳ್ಳುವಾಗ ಹಿಡಿಯನ್ನು ತಿರುಗಿಸಿದರೆ ಹಲ್ಲಿನ ಗಾಲಿಗಳ ಮೂಲಕ ಒಂದು ತಲೆಯು ಉರುಳೆಯ ಸುತ್ತ ಪ್ರದಕ್ಷಿಣೆ ಬಂದು ದಾರವನ್ನು ಸುತ್ತುತ್ತದೆ; ದಾರ ಒಂದೇ ಕಡೆ ರಾಶಿಯಾಗದಂತೆ ಉರುಳೆ ಮಾತ್ರ ಹಿಂದೆ ಮುಂದೆ ಸರಿಯುತ್ತಿರುತ್ತದೆ. (ಇದಕ್ಕೆ ಸ್ಪಿನ್ನಿಂಗ್ ಎಂಬ ಹೆಸರು ನೂಲುವುದರಿಂದ ಬಂದದ್ದಲ್ಲ, ನೀರಿನಲ್ಲಿ ಗಿರಗಿರನೆ ತಿರುಗುವ ಹುಸಿಮೀನಿನಿಂದ ಬಂದದ್ದು. ಆದರೂ ನೂಲಿನ ಗಿರಣಿಗೂ ಇದಕ್ಕೂ ಬಾಂಧವ್ಯವುಂಟಾದದ್ದು ಒಂದು ಸೋಜಿಗ.) 1930ರ ದಶಕದಲ್ಲಿ ಆನಿಕ್ ಊರಿನ ಹಾರ್ಡಿ ಸಹೋದರರು ತಮ್ಮ ಆಲ್ಟೆಕ್ಸ್ ರೀಲಿಗೆ, ದಾರವನ್ನು ತಾನಾಗಿ ಹಿಡಿದುಕೊಳ್ಳುವ, ಬಿಲ್ಲಿನಂತೆ ಬಾಗಿದ ತಂತಿಯನ್ನು ಅಳವಡಿಸಿದರು. ಅನಂತರ ನೈಲಾನಿನ ದಾರ ಬಂದು ಈ ಬಗೆಯ ರೀಲು ಮನೆಮನೆಯ ವಸ್ತುವಾಯಿತು.

ಗಿರಣಿಯಲ್ಲಿ ಹುಟ್ಟಿದ ಈ ಕೂಸು ಬೆಳೆದದ್ದು ಗಡಿಯಾರದವರ ಮನೆಯಲ್ಲಿ. ಫ್ರಾನ್ಸಿನ ಸವಾಯ್ ಸೀಮೆಯ ಕ್ಲೂಸ್ ಎಂಬ ಬೆಟ್ಟದ ತಪ್ಪಲಿನ ಊರಿನಲ್ಲಿ 1848ರಲ್ಲಿಯೇ ಗಡಿಯಾರ ಮಾಡುವವರಿಗಾಗಿ ಶಾಲೆಯೊಂದು ಹುಟ್ಟಿತ್ತು. ಆಗ ಆ ಸೀಮೆ ಇನ್ನೂ ಸಾರ್ಡಿನಿಯದ ಅರಸನ ಅಧೀನದಲ್ಲಿತ್ತು. ಅದೇ ಊರಿನ ಕಾರ್ಪಾನೊ ಮತ್ತು ಪೋನ್ಸ್ ಕಾರ್ಖಾನೆಯಿಂದ ಬಂದದ್ದು ಮಿಚೆಲ್ ಎಂಬ ಹೆಸರಿನ ರೀಲು. ಅದರ 300ನೆಯ ಮಾದರಿ ಎರಡನೆಯ ಮಹಾಯುದ್ಧದ ತರುವಾಯ ಅಟ್ಲಾಂಟಿಕ್ಕಿನ ಎರಡು ದಡಗಳಲ್ಲಿಯೂ ಮನೆಮಾತಾಗಿತ್ತು. ಸ್ವೀಡನ್ನಿನ ಸ್ವಾಂಗ್‌ಸ್ಟಾ ಎಂಬಲ್ಲಿ 1921ರಲ್ಲಿ ಸ್ಥಾಪನೆಯಾದ ಆಬು ಕಂಪನಿಯ ಮೊದಲ ಹೆಸರಿನ ಅರ್ಥವೇ ಗಡಿಯಾರದ ಕಾರ್ಖಾನೆ ಎಂದು. ಅವರ ಕಾರ್ಡಿನಲ್ ರೀಲುಗಳು ಹೊರಟದ್ದು ಬಹಳ ತಡವಾಗಿ, 1960ರ ದಶಕದಲ್ಲಿ. ಇಂಥವರ ಕೈಯಿಂದ ಬಂದ ಯಂತ್ರವಾದ್ದರಿಂದಲೇ ಹಳೆಯ ರೀಲನ್ನು ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಗಡಿಯಾರದವನು ತನ್ನ ವಸ್ತು ಕೆಡುವುದೆಂಬುದನ್ನು ಮೊದಲೇ ಒಪ್ಪಿಕೊಂಡಿರುತ್ತಾನೆ. ಆದುದರಿಂದ ಎಲ್ಲಕ್ಕೂ ತಿರುಪು ಇಟ್ಟಿರುತ್ತಾನೆ. ಈಗಿನ ಅನೇಕ ಅಗ್ಗದ ವಸ್ತುಗಳಲ್ಲಿ ಅಂಟು ಇರುತ್ತದೆ, ತಿರುಪು ಇರುವುದಿಲ್ಲ. ತಿರುಪಿನಲ್ಲಿ ಒಂದು ಬಗೆಯ ವಿನಯವಿದೆಯೆಂದರೆ ತಪ್ಪಾಗಲಾರದು.

ಕಾಲವು ರೀಲನ್ನು ಕೆಡಿಸುವ ಬಗೆಯೂ ಗಮನಿಸತಕ್ಕದ್ದು. ಬಹಳ ಉಪಯೋಗಿಸಿದುದರಿಂದ ಕೆಟ್ಟ ರೀಲುಗಳಿಗಿಂತ ಉಪಯೋಗಿಸದೆ ಇಟ್ಟುದರಿಂದ ಕೆಟ್ಟವು ಹೆಚ್ಚು. ಒಳಗಿನ ಗ್ರೀಸು ವರ್ಷಗಟ್ಟಲೆ ನಿಂತಲ್ಲಿಯೇ ನಿಂತು ಜೇನುಮೇಣದಂತೆ ಗಟ್ಟಿಯಾಗುತ್ತದೆ, ಹಿಡಿ ತಿರುಗುವುದಿಲ್ಲ. ಅರಿಯದವರು ಬಲವಂತವಾಗಿ ತಿರುಗಿಸಿ, ಹಲ್ಲು ಮುರಿದು, ಯಂತ್ರ ಹಳತಾಗಿತ್ತೆನ್ನುತ್ತಾರೆ. ಸಮುದ್ರದ ದಡದಲ್ಲಿ ಬಳಸಿ ಸಿಹಿನೀರಿನಲ್ಲಿ ತೊಳೆಯದೆ ಇಟ್ಟರೆ ಅಲ್ಯೂಮಿನಿಯಮ್ಮಿನ ಮೈಮೇಲೆ ಬಿಳಿಯ ಹುಡಿ ಏಳುತ್ತದೆ, ಉಕ್ಕಿನ ತಿರುಪು ತನ್ನ ಗೂಡಿನಲ್ಲಿಯೇ ಕಚ್ಚಿಕೊಳ್ಳುತ್ತದೆ. ದಾರ ಹಾಯುವ ಪುಟ್ಟ ಉರುಳು ತಿರುಗುವುದನ್ನು ನಿಲ್ಲಿಸಿದರೆ ನೈಲಾನಿನಂಥ ಮೃದುವಾದ ದಾರವೇ ಆ ಲೋಹದಲ್ಲಿ ಗೀರು ಕೊರೆಯುತ್ತದೆ. ಹಗ್ಗವು ಬಾವಿಯ ಕಟ್ಟೆಯ ಕಲ್ಲನ್ನು ಕೊರೆದಂತೆ. ಆಮೇಲೆ ಆ ಗೀರೇ ದಾರವನ್ನು ಕತ್ತರಿಸುತ್ತದೆ. ಬಿಲ್ಲಿನ ತಂತಿಯನ್ನು ಮುಚ್ಚುವ ಸಣ್ಣ ಸ್ಪ್ರಿಂಗು ದಣಿದು ಮುರಿಯುವುದಂತೂ ಎಲ್ಲ ಹಳೆಯ ರೀಲುಗಳ ಹಣೆಯಬರಹ.

ಬಲ್ಲವನು ಬಿಚ್ಚುವ ಕ್ರಮವು ಪಾಠಶಾಲೆಯಲ್ಲಿ ಶ್ಲೋಕಕ್ಕೆ ಅನ್ವಯ ಹೇಳುವ ಕ್ರಮವನ್ನು ಹೋಲುತ್ತದೆ; ಪದಗಳನ್ನು ಬಿಡಿಸುವಾಗಲೇ ಯಾವುದು ಯಾವುದಕ್ಕೆ ಸೇರತಕ್ಕದ್ದೆಂದು ಗುರುತಿಟ್ಟುಕೊಳ್ಳಬೇಕು. ಅವನು ಮೊದಲು ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸುತ್ತಾನೆ, ಹಾರಿದ ಸ್ಪ್ರಿಂಗು ಕಣ್ಣಿಗೆ ಬೀಳಲೆಂದು. ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಕ್ರಮದಲ್ಲಿಯೇ ಗುಳಿಗಳಿರುವ ತಟ್ಟೆಯಲ್ಲಿ ಸಾಲಾಗಿ ಇಡುತ್ತಾನೆ. ಕಾಗದದಷ್ಟು ತೆಳುವಾದ ಬಿಲ್ಲೆಗಳು ಗಾಲಿಗಳ ಅಡಿಯಲ್ಲಿ ಅವಿತಿರುತ್ತವೆ. ಅವುಗಳಲ್ಲಿ ಒಂದು ಕಳೆದರೂ ಗಾಲಿಗಳ ಹೊಂದಾಣಿಕೆ ತಪ್ಪುವುದು. ತಿರುಪಿನ ಸೀಳಿಗೆ ಸರಿಯಾಗಿ ಕೂರುವ ಅಗಲದ ತಿರುಪುಳಿಯನ್ನೇ ಹಿಡಿಯಬೇಕು. ಇಲ್ಲವಾದರೆ ತಲೆ ಹರಿದು, ಮುಂದೆ ನೋಡುವವರಿಗೆಲ್ಲ ಅವಿವೇಕಿಯೊಬ್ಬನು ಇಲ್ಲಿಗೆ ಬಂದಿದ್ದನೆಂದು ಸಾರುತ್ತಿರುವುದು. ಕೆಲವು ತಿರುಪುಗಳು ಎಡಮುಖವಾಗಿರುತ್ತವೆ. ಬಿಡಿಸುತ್ತೇನೆಂದು ತಿರುಗಿಸಿದಷ್ಟೂ ಅವು ಬಿಗಿಯುತ್ತವೆ. ಕಚ್ಚಿಕೊಂಡ ತಿರುಪಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವವನು ನಿಜವಾದ ಕೆಲಸಗಾರ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಮೃದುವಾದ ಬ್ರಷ್ಷಿನಿಂದ ತೆಗೆಯುತ್ತಾನೆ. ಒರೆಸಿ ಒಣಗಿಸಿ, ಗಾಲಿಯ ಹಲ್ಲುಗಳಿಗೆ ತೆಳುವಾಗಿ ಹೊಸ ಗ್ರೀಸು, ದಾರದ ಉರುಳಿಗೆ ಒಂದು ತೊಟ್ಟು ಎಣ್ಣೆ ಹಾಕುತ್ತಾನೆ. ಹೆಚ್ಚು ಹಾಕುವುದು ಭಕ್ತಿಯಲ್ಲ. ಹೆಚ್ಚಾದುದೆಲ್ಲ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಇಷ್ಟರಲ್ಲಿ ಸಾತ್ವಿಕರಾದ ವಾಚಕರ ಮನಸ್ಸಿನಲ್ಲಿ ಒಂದು ಆಕ್ಷೇಪವೆದ್ದಿರಬೇಕು. ಜೀವಹಿಂಸೆಯ ಸಾಧನಕ್ಕೆ ಇಷ್ಟೊಂದು ಉಪಚಾರವೇಕೆ? ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರುವ ಜನಕ್ಕೆ ಗಾಳದ ಯಂತ್ರವನ್ನು ಪೂಜಾಸಾಮಗ್ರಿಯಂತೆ ತೊಳೆಯುವುದು ವಿಪರೀತವಾಗಿ ಕಂಡರೆ ಆಶ್ಚರ್ಯವಿಲ್ಲ. ಸಾಧನಕ್ಕೆ ದೋಷವಿಲ್ಲ, ಬಳಸುವವನಿಗೆ ಮಾತ್ರ ಉಂಟೆಂಬ ಸಮಾಧಾನವನ್ನು ಇಲ್ಲಿ ಹೇಳಲಾಗದು. ಆ ಮಾತು ಚಾಕುವಿಗೆ ಸಲ್ಲಬಹುದು. ಚಾಕುವಿನಿಂದ ಸೌತೆಕಾಯಿಯನ್ನೂ ಹೆಚ್ಚಬಹುದಷ್ಟೆ. ರೀಲಿಗೆ ಇರುವುದು ಒಂದೇ ಉದ್ದೇಶ. ಅದನ್ನು ತಿರುಗುವಂತೆ ಮಾಡಿದವನು ಆ ಉದ್ದೇಶದಲ್ಲಿ ಪಾಲುಗಾರನೇ ಸರಿ.

ಆದರೆ ಪಾಲು ಎಷ್ಟು, ಎಂಥದು ಎಂಬುದನ್ನು ರೀಲಿನ ಒಳಗನ್ನು ನೋಡಿಯೇ ನಿರ್ಣಯಿಸಬೇಕು. ಉರುಳೆಯನ್ನು ಹಿಡಿದಿರುವ ಗುಬ್ಬಿಯ ಅಡಿಯಲ್ಲಿ, ಅಥವಾ ಕೆಲವು ಮಾದರಿಗಳಲ್ಲಿ ಹಿಂಬದಿಯಲ್ಲಿ, ಲೋಹದ ಮತ್ತು ಚರ್ಮ, ಫೆಲ್ಟು ಮುಂತಾದವುಗಳ ಬಿಲ್ಲೆಗಳು ಒಂದರ ಮೇಲೊಂದಾಗಿ ಇರುತ್ತವೆ. ಮೀನು ಜೋರಾಗಿ ಎಳೆದಾಗ ದಾರ ಹರಿಯುವ ಮೊದಲೇ ಈ ಬಿಲ್ಲೆಗಳು ಮೆಲ್ಲಗೆ ಜಾರಿ ಉರುಳೆಯನ್ನು ತಿರುಗಗೊಟ್ಟು ದಾರ ಬಿಡುತ್ತವೆ. ಇದನ್ನು ಡ್ರ್ಯಾಗ್ ಎನ್ನುವರು. ಇದು ಒಣಗಿ ಗಟ್ಟಿಯಾಗಿದ್ದರೆ ಮೊದಲು ಕಚ್ಚಿಕೊಂಡು, ಆಮೇಲೆ ತಟಕ್ಕನೆ ಬಿಡುತ್ತದೆ, ದಾರ ಹರಿಯುತ್ತದೆ, ಬಾಯಲ್ಲಿ ಕೊಕ್ಕೆ ನೆಟ್ಟುಕೊಂಡು, ಮಾರುದ್ದ ದಾರವನ್ನು ಎಳೆದುಕೊಂಡು ಮೀನು ಆಳಕ್ಕೆ ಹೋಗುತ್ತದೆ. ಅದು ಬದುಕಿತೋ ಸತ್ತಿತೋ ದಡದಲ್ಲಿ ನಿಂತವನಿಗೆ ತಿಳಿಯುವುದೇ ಇಲ್ಲ. ಹಿಡಿದು ಮತ್ತೆ ಬಿಡುವ ಪದ್ಧತಿಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವುಂಟು. ನಮ್ಮ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಂದೆ ಮಹಸೀರ್ ಮೀನನ್ನು ಹಾಗೆಯೇ ಹಿಡಿದು ಬಿಡುತ್ತಿದ್ದರು. ಆ ನದಿಯ ಗೂನುಬೆನ್ನಿನ ಮಹಸೀರ್ 2018ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಂಥ ಮೀನೊಂದು ಕೊಕ್ಕೆಯೊಡನೆ ಕಳೆದುಹೋದರೆ ಅದು ಒಂದು ಮೀನಿನ ಲೆಕ್ಕವಲ್ಲ. ಆದುದರಿಂದ ಹೀಗೆ ಹೇಳಬಹುದು: ಕೆಟ್ಟ ರೀಲಿನಿಂದಾಗುವ ಹಿಂಸೆ ಒಳ್ಳೆಯ ರೀಲಿನಿಂದಾಗುವುದಕ್ಕಿಂತ ಹೆಚ್ಚು. ದುರಸ್ತು ಮಾಡುವವನು ಮೀನುಗಾರನನ್ನು ಪಾಪದಿಂದ ಬಿಡಿಸಲಾರ; ವ್ಯರ್ಥಹಿಂಸೆಯನ್ನು ಕಡಿಮೆ ಮಾಡಬಲ್ಲ. ಇದು ಸಣ್ಣ ಸಮಾಧಾನವೇ ಹೊರತು ಪೂರ್ಣ ಸಮಾಧಾನವಲ್ಲ. ಗಾಳವನ್ನೇ ಹಿಡಿಯಬಾರದೆನ್ನುವವರಿಗೆ ಇದರಿಂದ ಉತ್ತರ ಕೊಟ್ಟಂತಾಗಲಿಲ್ಲವೆಂಬುದೂ ನಿಜ.

ಇನ್ನು ಮೊದಲಿನ ಪ್ರಶ್ನೆ. ಸ್ಪ್ರಿಂಗು ಬದಲಾಯಿತು, ಬಿಲ್ಲೆಗಳು ಬದಲಾದವು, ಉರುಳು ಬದಲಾಯಿತು, ದೊಡ್ಡ ಗಾಲಿಯೂ ಬದಲಾಯಿತೆನ್ನೋಣ. ಇದು ಅದೇ ರೀಲೆ? ಅಥೆನ್ಸಿನವರು ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದುದನ್ನು ಪ್ಲೂಟಾರ್ಕನು ಹೇಳಿ, ತತ್ತ್ವಜ್ಞರು ಅದರ ವಿಷಯದಲ್ಲಿ ಎರಡು ಪಕ್ಷವಾಗಿದ್ದರೆಂದು ತಿಳಿಸಿದ್ದಾನೆ. ನಮ್ಮವರು ಈ ವಿಚಾರವನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದ್ದಾರೆ. ನೈಯಾಯಿಕರ ಮತದಲ್ಲಿ ಅವಯವಿಯು ಅವಯವಗಳಿಗಿಂತ ಬೇರೆಯಾದ ಪದಾರ್ಥ. ಬಟ್ಟೆಯಿಂದ ಒಂದು ಎಳೆ ಹೋದರೂ ಮೊದಲಿನ ಬಟ್ಟೆ ನಾಶವಾಗಿ ಹೊಸದೊಂದು ಬಟ್ಟೆ ಹುಟ್ಟುತ್ತದೆ. ದೀಪದ ಜ್ವಾಲೆಯನ್ನು ಕಂಡು ಅದೇ ಇದು ಎನ್ನುವಂತೆ, ಇಲ್ಲಿಯೂ ನಮ್ಮ ಗುರುತು ಕೇವಲ ಸಾದೃಶ್ಯದಿಂದ ಬಂದುದು. ಬೌದ್ಧರು ಇನ್ನೂ ಮುಂದೆ ಹೋದರು. ಮಿಲಿಂದನೆಂಬ ಯವನರಾಜನಿಗೆ ನಾಗಸೇನನು ರಥದ ದೃಷ್ಟಾಂತವನ್ನು ಕೊಟ್ಟು, ಅಚ್ಚು ಗಾಲಿಗಳನ್ನು ಬಿಟ್ಟರೆ ರಥವೆಂಬುದು ಬರಿಯ ಹೆಸರೆಂದು ತೋರಿಸಿಕೊಟ್ಟನಷ್ಟೆ. ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಬಿದ್ದಿರುವ ಮೂವತ್ತು ನಲವತ್ತು ತುಣುಕುಗಳನ್ನು ನೋಡಿದರೆ ನಾಗಸೇನನೇ ಗೆದ್ದನೆಂದು ತೋರುತ್ತದೆ.

ಈ ಮೂರು ಮತಗಳೂ ಶಾಸ್ತ್ರದೃಷ್ಟಿಯಿಂದ ದೊಡ್ಡವು. ಆದರೂ ಸತ್ತ ತಂದೆಯ ರೀಲನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ ಮಗನಿಗೆ ಇವುಗಳಿಂದ ಏನೂ ಆಗುವುದಿಲ್ಲ. ಏಕೆಂದರೆ ಅವನ ಪ್ರಶ್ನೆ ಅವಯವಿಯನ್ನು ಕುರಿತದ್ದಲ್ಲ. ತಂದೆಯ ಕೈ ಎಲ್ಲಿ ತಾಗಿತ್ತೆಂಬುದೇ ಅವನಿಗೆ ಬೇಕಾದುದು. ಹಿಡಿಯ ಗುಬ್ಬಿ ಸವೆದು ಬೆರಳಿನ ಆಕಾರ ತಾಳಿದೆ. ಕೋಲಿಗೆ ಕಟ್ಟುವ ಕಾಲಿನ ಹತ್ತಿರ, ಎರಡು ಬೆರಳುಗಳ ನಡುವೆ ಹಿಡಿದು ಹಿಡಿದು ಕಪ್ಪು ಬಣ್ಣ ಹೋಗಿ ಲೋಹ ಹೊಳೆಯುತ್ತಿದೆ. ಅವನಿಗೆ ರೀಲೆಂದರೆ ಅಷ್ಟೇ. ಒಳಗಿನ ಸ್ಪ್ರಿಂಗನ್ನು ತಂದೆ ಕಣ್ಣಿನಿಂದ ಕೂಡ ನೋಡಿರಲಾರನು. ಅದನ್ನು ಹತ್ತು ಸಲ ಬದಲಿಸಿದರೂ ಬಾಧಕವಿಲ್ಲ. ಗುಬ್ಬಿಯನ್ನು ಬದಲಿಸಿ ಹೊಸ ಬಣ್ಣ ಬಳಿದುಕೊಟ್ಟರೆ, ಒಳಗಿನದೆಲ್ಲ ಹಳೆಯದೇ ಇದ್ದರೂ, ತಂದೆಯನ್ನು ಎರಡನೆಯ ಸಲ ಕಳೆದುಕೊಂಡಂತೆ. ನದಿಗೆ ಒಯ್ಯುವವನ ಮಾತು ಬೇರೆ. ಅವನಿಗೆ ರೀಲಿನ ಸ್ವರೂಪವಿರುವುದು ಚಲನೆಯಲ್ಲಿ. ಹಿಡಿ ತಿರುಗಿಸಿದಾಗ ಕೈಗೆ ಬರುವ ಆ ಮೃದುವಾದ ತೂಕ ಉಳಿದರೆ ಸಾಕು, ಬಣ್ಣ ಹೇಗಿದ್ದರೇನು? ಸಂಗ್ರಹಕಾರನಿಗಾದರೋ ಕ್ಲೂಸಿನ ಕಾರ್ಖಾನೆಯಿಂದ ಹೊರಟ ದಿನದ ತಿರುಪೇ ಬೇಕು, ಮುರಿದಿದ್ದರೂ ಚಿಂತೆಯಿಲ್ಲ. ಒಂದೇ ವಸ್ತುವಿನಲ್ಲಿ ಮೂವರಿಗೆ ಮೂರು ಬಗೆಯ ಅಭೇದ. ಆದುದರಿಂದ ತಿರುಪುಳಿ ಎತ್ತಿಕೊಳ್ಳುವ ಮೊದಲು ಕೆಲಸಗಾರನು ಕೇಳತಕ್ಕ ಪ್ರಶ್ನೆ ಒಂದೇ: ಇದು ಯಾವುದಕ್ಕಾಗಿ ಉಳಿಯಬೇಕು? ಇದನ್ನು ಕೇಳದೆ ಮಾಡಿದ ಕೆಲಸ ಎಷ್ಟೇ ಚೊಕ್ಕಟವಾಗಿದ್ದರೂ ಅಪರಾಧವಾಗಬಹುದು.

ಇಕ್ಕಟ್ಟು ಬರುವುದು ಈ ಮೂರೂ ಒಬ್ಬನಲ್ಲಿಯೇ ಕೂಡಿದಾಗ. ಮಗನಿಗೆ ತಂದೆಯ ರೀಲು ತಂದೆಯದಾಗಿಯೇ ಉಳಿಯಬೇಕು, ತಾನು ಅದನ್ನು ನದಿಗೂ ಒಯ್ಯಬೇಕು. ಒಳಗೆ ಬಿಚ್ಚಿ ನೋಡಿದರೆ ಎಂದೋ ಬಿಲ್ಲಿನ ತಂತಿ ಬಿರುಕುಬಿಟ್ಟಿದ್ದು, ತಂದೆಯೇ ತಾಮ್ರದ ಎಳೆ ಸುತ್ತಿ ಒರಟಾಗಿ ಬೆಸುಗೆ ಹಾಕಿಕೊಂಡಿರುತ್ತಾನೆ. ಕಸುಬಿನ ಕಣ್ಣಿಗೆ ಅದು ಕೆಟ್ಟ ತೇಪೆ. ಕಿತ್ತೊಗೆದು ಹೊಸ ತಂತಿ ಹಾಕುವುದೇ ನೀತಿ. ಮಗನಿಗೆ ಆ ರೀಲಿನಲ್ಲೆಲ್ಲ ತಂದೆಯು ಸ್ವತಃ ಮಾಡಿದುದೆಂಬುದು ಆ ತೇಪೆಯೊಂದೇ. ಮಿಕ್ಕುದೆಲ್ಲ ಫ್ರಾನ್ಸಿನವರು ಮಾಡಿದುದು. ತೇಪೆ ಹಿಡಿದಿರುವ ತನಕ ಅದನ್ನು ಮುಟ್ಟದಿರುವುದೇ ಸರಿಯೆಂದು ತೋರುತ್ತದೆ. ಹಿಡಿಯದಂತಾಗಿ ಮೀನಿಗೂ ದಾರಕ್ಕೂ ಅಪಾಯವೊದಗಿದರೆ ಬದಲಿಸಲೇಬೇಕು. ಆದರೆ ತೆಗೆದ ತಂತಿ ಕಸದ ಬುಟ್ಟಿಗೆ ಬೀಳಕೂಡದು. ಭಿನ್ನವಾದ ಬಿಂಬಕ್ಕೆ ಆಗಮದವರು ತೋರುವ ಗೌರವದ ಅರ್ಥ ಇಂಥ ಕಡೆ ಸ್ಪಷ್ಟವಾಗುತ್ತದೆ. ತೆಗೆದ ಪ್ರತಿಯೊಂದು ತುಣುಕನ್ನೂ ಪೊಟ್ಟಣ ಕಟ್ಟಿ ಒಡೆಯನಿಗೆ ಹಿಂದಿರುಗಿಸುವ ಪದ್ಧತಿಯನ್ನು ಒಳ್ಳೆಯ ಕೆಲಸಗಾರರು ಅನುಸರಿಸುವುದುಂಟು. ಒಡೆಯನು ಅದನ್ನು ಎಸೆದರೆ ಎಸೆಯಲಿ. ಎಸೆಯುವ ಅಧಿಕಾರ ಅವನದು.

ಹೊಸ ಭಾಗಗಳು ಎಲ್ಲಿಂದ ಬರಬೇಕೆಂಬುದೂ ಸಾಮಾನ್ಯ ಪ್ರಶ್ನೆಯಲ್ಲ. ಆ ಮಾದರಿಗಳ ತಯಾರಿಕೆ ಎಂದೋ ನಿಂತುಹೋಯಿತು. ಹೀಗಾಗಿ ಒಂದನ್ನು ಬದುಕಿಸಲು ಅದೇ ಜಾತಿಯ ಇನ್ನೊಂದನ್ನು ಬಿಚ್ಚಬೇಕಾಗುತ್ತದೆ. ಮುರಿದುಹೋದ ರೀಲಿನಿಂದ ತೆಗೆದರೆ ಅದು ದಾನ. ಸ್ವಲ್ಪ ಶ್ರಮದಿಂದ ತಾನೇ ತಿರುಗಬಹುದಾಗಿದ್ದ ರೀಲನ್ನು, ಅದು ಯಾರ ತಂದೆಯದೂ ಅಲ್ಲವೆಂಬ ಕಾರಣಕ್ಕೆ ಕಿತ್ತುಹಾಕಿದರೆ ಅದಕ್ಕೆ ಬೇರೆಯ ಹೆಸರಿಡಬೇಕು. ಇದರಲ್ಲಿ ಯಂತ್ರದ ಕಡೆಯಿಂದಲೂ ಒಂದು ಪ್ರತೀಕಾರವುಂಟು. ಬಹುಕಾಲ ಜೊತೆಯಲ್ಲಿ ತಿರುಗಿದ ಎರಡು ಗಾಲಿಗಳ ಹಲ್ಲುಗಳು ಒಂದಕ್ಕೊಂದು ಒಗ್ಗಿ ಸವೆದಿರುತ್ತವೆ. ಒಂದನ್ನು ಮಾತ್ರ ಬೇರೆಡೆಯಿಂದ ತಂದು ಹಾಕಿದರೆ ಯಂತ್ರ ಗೊಣಗುತ್ತದೆ. ತಂದರೆ ಜೋಡಿಯಾಗಿಯೇ ತರಬೇಕು. ಮನೆಗೆ ಸೊಸೆ ತರುವವರಿಗೆ ಈ ಮಾತು ಅನ್ವಯಿಸದಿರುವುದು ಪುಣ್ಯ.

ಎಲ್ಲಕ್ಕಿಂತ ಕೆಟ್ಟದ್ದು ಮಾರಾಟದ ಸುಳ್ಳು. ಮಿಚೆಲ್ ರೀಲಿನ ಕಾಲಿನ ಮೇಲೆ ಕ್ರಮಾಂಕ ಕೆತ್ತಿರುತ್ತದೆ. ಅದರಿಂದ ಅದರ ಕಾಲವನ್ನು ಊಹಿಸಬಹುದು. ಒಂದರ ಮೈ, ಇನ್ನೊಂದರ ಉರುಳೆ, ಮೂರನೆಯದರ ಹಿಡಿ ಕೂಡಿಸಿ, ಹೊಸ ಬಣ್ಣದಿಂದ ಸಂದುಗಳನ್ನು ಮುಚ್ಚಿ, ಆ ಕ್ರಮಾಂಕವನ್ನೇ ಸಾಕ್ಷಿಯಾಗಿ ತೋರಿಸಿ ಮೂಲಸ್ವರೂಪದ್ದೆಂದು ಹೇಳಿದರೆ ಕೊಳ್ಳುವವನು ಹೇಗೆ ತಿಳಿದಾನು? ಮೂರನ್ನು ಕೂಡಿಸಿದ್ದರಲ್ಲಿ ದೋಷವಿಲ್ಲ. ಹಾಗೆ ಕೂಡಿಸಿದ ರೀಲು ಮೂಲದ್ದಕ್ಕಿಂತ ಚೆನ್ನಾಗಿ ತಿರುಗಲೂಬಹುದು. ದೋಷವಿರುವುದು ಹೇಳದೆ ಇದ್ದುದರಲ್ಲಿ. ನೈಯಾಯಿಕನು ಎಳೆ ಹೋದ ಬಟ್ಟೆಯನ್ನು ಬೇರೆಯ ಬಟ್ಟೆ ಎಂದನು. ಅಂಗಡಿಯವನು ಹತ್ತು ಎಳೆ ಹೋದರೂ ಅದೇ ಬಟ್ಟೆ ಎನ್ನುತ್ತಾನೆ. ಇಬ್ಬರಲ್ಲಿ ಯಾರ ಮತ ನಿಜವೆಂಬುದು ವಾದದ ವಿಷಯವಾದರೂ, ಯಾರು ಪ್ರಾಮಾಣಿಕರೆಂಬುದರಲ್ಲಿ ವಾದವಿಲ್ಲ.

ಈ ಕಾರಣದಿಂದಲೇ ಬದಲಿಸಿದ ಭಾಗಗಳ ಹೆಸರನ್ನೂ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ರೀಲಿನ ಪೆಟ್ಟಿಗೆಯಲ್ಲಿಟ್ಟು ಕೊಡುವುದು ಅವಶ್ಯಕ. ನಾಲ್ಕು ಸಾಲಿನ ಚೀಟಿ ಸಾಕು. ಮುಂದೆ ಮೂವತ್ತು ವರ್ಷಗಳ ಮೇಲೆ ಅದನ್ನು ಬಿಚ್ಚುವವನಿಗೆ ಯಾವ ಬಿಲ್ಲೆ ಮೊದಲಿನದು, ಯಾವುದು ಅನಂತರದ್ದು, ಬಿಲ್ಲಿನ ತಂತಿಯ ತೇಪೆಯನ್ನು ಏಕೆ ಹಾಗೆಯೇ ಬಿಟ್ಟಿದೆ ಎಂಬುದು ತಿಳಿಯಬೇಕು. ಇಲ್ಲವಾದರೆ ಅವನು ಒಳ್ಳೆಯ ಬುದ್ಧಿಯಿಂದಲೇ ಅದನ್ನು ಕಿತ್ತುಹಾಕುವನು. ಅದೇ ಚೀಟಿಯ ಕೊನೆಯಲ್ಲಿ ಒಡೆಯನಿಗೂ ಒಂದು ಸೂಚನೆ ಬರೆಯುವುದು ಒಳ್ಳೆಯದು: ನದಿಯಿಂದ ಬಂದ ಮೇಲೆ ರೀಲನ್ನು ಒರೆಸಿ, ಡ್ರ್ಯಾಗಿನ ಗುಬ್ಬಿಯನ್ನು ಪೂರ್ತಿ ಸಡಿಲಿಸಿ ಇಡಬೇಕು. ಬಿಗಿದೇ ಇಟ್ಟರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು ಚಪ್ಪಟೆಯಾಗಿ, ಮುಂದಿನ ಮಳೆಗಾಲ ಕಳೆದು ತೆಗೆಯುವ ಹೊತ್ತಿಗೆ ಜಾರುವುದನ್ನೇ ಮರೆತಿರುತ್ತವೆ.